ಬಳ್ಳಿ ಹಬ್ಬಲು ಬೇಕಾದ ಕಾಲ: ಹಸಿರು ಗೋಡೆಗಳ ಡಿಜಿಟಲ್ ವಿನ್ಯಾಸ, ಒಂದು ವಿಮರ್ಶೆ

ನಗರದ ಬಿಸಿಯನ್ನು ತಗ್ಗಿಸಲು ಕಟ್ಟಡಗಳ ಗೋಡೆಗೆ ಬಳ್ಳಿ ಹಬ್ಬಿಸಬೇಕು ಎಂಬ ವಿಚಾರ ಕಳೆದ ಎರಡು ಮೂರು ದಶಕಗಳಲ್ಲಿ ವಾಸ್ತುಶಿಲ್ಪ ಶಾಲೆಗಳಿಂದ ಹೊರಟು ನಗರಸಭೆಗಳ ನಿಯಮಗಳವರೆಗೆ ಬಂದಿದೆ. ಅದರ ಜೊತೆಗೇ ಇನ್ನೊಂದು ಬೆಳವಣಿಗೆಯೂ ಆಗಿದೆ. ಯಾವ ಗೋಡೆಗೆ ಎಷ್ಟು ಬಿಸಿಲು, ಯಾವ ಓಣಿಯಲ್ಲಿ ಎಷ್ಟು ಗಾಳಿ, ಬಳ್ಳಿ ಹಬ್ಬಿದರೆ ಎಷ್ಟು ತಂಪು ಎಂಬುದನ್ನು ಅಡಿಪಾಯ ಹಾಕುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದಾಗಿದೆ. ಈ ಎರಡೂ ಸೇರಿ ಹುಟ್ಟಿದ ಕೆಲವು ವಿನ್ಯಾಸಗಳನ್ನು ವಿಮರ್ಶೆಯ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ. ನಾಟಕವನ್ನೋ ಕಾದಂಬರಿಯನ್ನೋ ವಿಮರ್ಶೆ ಮಾಡುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಾವು ದಿನವೂ ವಾಸಿಸುವ ಗೋಡೆ, ಅಂಗಳ, ಬೀದಿಗಳಿಗೂ ಅಂಥ ಓದು ಬೇಕು ಎಂಬುದು ನನ್ನ ನಂಬಿಕೆ.

ನಾನು ಲುಂಡ್‌ನಲ್ಲಿ ವಾಸವಾಗಿದ್ದು, ಕಟ್ಟಡಗಳ ಶಾಖದ ಲೆಕ್ಕ ನನ್ನ ವೃತ್ತಿ. ಆದ್ದರಿಂದ ಇಲ್ಲಿನ ಉದಾಹರಣೆಗಳೇ ಹೆಚ್ಚು. ಆದರೆ ಬಳ್ಳಿ ಎಂದೊಡನೆ ಅವರೆ ಚಪ್ಪರ, ಬಸಳೆ ಚಪ್ಪರ ನೆನಪಾಗುವ ಓದುಗರಿಗೆ ಬರೆಯುತ್ತಿರುವುದರಿಂದ ಕರ್ನಾಟಕವೂ ಜೊತೆಗೆ ಬರುತ್ತದೆ. ಅದು ಊರಿನ ನೆನಪಿಗಾಗಿ ಬಂದದ್ದಲ್ಲ. ಈ ವಿಮರ್ಶೆಗೆ ಬೇಕಾದ ಅಳತೆಗೋಲು ಅಲ್ಲಿಯೂ ಇದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಡಿಜಿಟಲ್ ವಿನ್ಯಾಸಗಳು ಬಳ್ಳಿಯನ್ನು ಪೂರ್ತಿ ಹಬ್ಬಿದ ಜುಲೈ ತಿಂಗಳ ಒಂದು ಮಧ್ಯಾಹ್ನದಲ್ಲಿ ಮಾತ್ರ ತೋರಿಸುತ್ತವೆ. ನೆಟ್ಟ ಮೊದಲ ವರ್ಷ, ಎಲೆ ಉದುರಿದ ಡಿಸೆಂಬರ್, ನೀರು ನಿಂತುಹೋದ ವಾರ ಆ ಚಿತ್ರದಲ್ಲಿ ಇರುವುದಿಲ್ಲ. ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಬಳ್ಳಿಯ ವಿನ್ಯಾಸ ಬಣ್ಣ ಬಳಿದಷ್ಟೇ ಕೆಲಸ ಮಾಡುತ್ತದೆ.

ಇದರಲ್ಲಿ ನಮಗೇನು?

2018ರ ಬೇಸಿಗೆ ಇಲ್ಲಿ ನೆಲೆಸಿರುವ ಎಲ್ಲರಿಗೂ ನೆನಪಿರಬೇಕು. ಮೇ ತಿಂಗಳಿನಿಂದಲೇ ಶುರುವಾದ ಬಿಸಿಲು ಜುಲೈನಲ್ಲಿ ಸ್ವೀಡನ್ನಿನ ಕಾಡುಗಳಿಗೆ ಬೆಂಕಿ ಹಚ್ಚಿತು. ಅಂಗಡಿಗಳಲ್ಲಿ ಫ್ಯಾನ್ ಸಿಗದಂತಾಯಿತು. ಆ ಬೇಸಿಗೆಯಲ್ಲಿ ಬಿಸಿಯಿಂದಾಗಿ ನೂರಾರು ಹೆಚ್ಚುವರಿ ಸಾವುಗಳಾದವು, ಹೆಚ್ಚಿನವರು ವಯಸ್ಸಾದವರು. ಚಳಿಯನ್ನು ಹೊರಗಿಡಲು ಕಟ್ಟಿದ ಮನೆಗಳು ಒಳಗೆ ಬಂದ ಬಿಸಿಯನ್ನು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತವೆ. ಪಶ್ಚಿಮಕ್ಕೆ ಕಿಟಕಿ ಇರುವ ಮೂರನೇ ಮಹಡಿಯ ಮನೆಯಲ್ಲಿ ಊರಿನಿಂದ ಬಂದ ಅತ್ತೆ ಮಾವಂದಿರನ್ನು ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39.2 ಡಿಗ್ರಿಗೆ ಏರಿ ಹಿಂದಿನ ದಾಖಲೆಗಳನ್ನು ಮುರಿದಿತ್ತು. ಎರಡೂ ಊರುಗಳಲ್ಲಿ ಏರ್ ಕಂಡೀಷನರ್ ಒಳಗಿನ ಬಿಸಿಯನ್ನು ಬೀದಿಗೆ ದಬ್ಬುತ್ತದೆಯೇ ಹೊರತು ಬೀದಿಯನ್ನು ತಣಿಸುವುದಿಲ್ಲ. ಹಾಗಾಗಿ ಬಳ್ಳಿಯ ವಿಷಯ ಅಲಂಕಾರಕ್ಕೆ ಸೀಮಿತವಾದುದಲ್ಲ.

ಬಳ್ಳಿ ನಿಜಕ್ಕೂ ಮಾಡುವ ಕೆಲಸ

ಬಳ್ಳಿ ಮಾಡುವ ಮೊದಲ ಕೆಲಸ ನೆರಳು. ಗೋಡೆಯ ಮೈಗೆ ಬಿಸಿಲು ತಾಗದಂತೆ ಎಲೆಗಳು ತಡೆಯುತ್ತವೆ. ಎರಡನೆಯದು ಆವಿ. ಒಂದು ಲೀಟರ್ ನೀರು ಎಲೆಯಿಂದ ಆವಿಯಾಗಿ ಹೋಗಲು ಸುಮಾರು 0.68 ಕಿಲೋವ್ಯಾಟ್-ಗಂಟೆಯಷ್ಟು ಶಾಖ ಬೇಕು. ಅಷ್ಟು ಶಾಖ ಸುತ್ತಲಿನಿಂದ ಕಡಿಮೆಯಾಗುತ್ತದೆ. ಮೂರನೆಯದು, ಎಲೆ ಮತ್ತು ಗೋಡೆಯ ನಡುವೆ ನಿಂತ ಗಾಳಿಯ ತೆಳುವಾದ ಪದರ. ಅದು ಗಾಳಿಯ ಹೊಡೆತವನ್ನೂ ಸ್ವಲ್ಪ ತಗ್ಗಿಸುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಿಸಿಲಿಗೆ ಕಾದ ಗೋಡೆಯ ಮೈಯ ಉಷ್ಣತೆಯನ್ನು ದಟ್ಟವಾದ ಬಳ್ಳಿ ಹತ್ತು ಡಿಗ್ರಿಯಷ್ಟೂ ಇಳಿಸಬಲ್ಲದು. ಆದರೆ ಬೀದಿಯ ಗಾಳಿಯ ಉಷ್ಣತೆ ಅದರಿಂದ ಒಂದು ಡಿಗ್ರಿ ಇಳಿದರೂ ದೊಡ್ಡ ಮಾತು. ಹಾಗಾದರೆ ಬೀದಿಯಲ್ಲಿ ನಡೆಯುವವರಿಗೆ ಪ್ರಯೋಜನವಿಲ್ಲವೇ? ಇದೆ. ನಮ್ಮ ಮೈಗೆ ತಟ್ಟುವ ಸೆಕೆ ಗಾಳಿಯದ್ದಷ್ಟೇ ಅಲ್ಲ, ಸುತ್ತಲಿನ ಗೋಡೆ, ನೆಲಗಳು ಹೊರಸೂಸುವ ಶಾಖವೂ ಹೌದು. ಮಧ್ಯಾಹ್ನ ಕಾದ ಬಂಡೆಯ ಪಕ್ಕ ಕುಳಿತವರಿಗೆ ಇದು ಗೊತ್ತು. ಆದ್ದರಿಂದ ಒಂದು ವಿನ್ಯಾಸದ ಪ್ರಚಾರಪತ್ರ ‘ನಗರದ ಉಷ್ಣತೆ ಹತ್ತು ಡಿಗ್ರಿ ಇಳಿಯುತ್ತದೆ’ ಎಂದರೆ, ಯಾವುದರ ಉಷ್ಣತೆ ಎಂದು ಕೇಳುವುದು ಓದುಗನ ಮೊದಲ ಕರ್ತವ್ಯ.

ಹಾಗೆಯೇ, ಜಾಗವಿರುವಲ್ಲಿ ಒಂದು ಮರ ಬಳ್ಳಿಗಿಂತ ಹೆಚ್ಚು ನೆರಳು ಕೊಡುತ್ತದೆ ಎಂಬುದನ್ನೂ ಒಪ್ಪಬೇಕು. ಬಳ್ಳಿಯ ಹೆಚ್ಚುಗಾರಿಕೆ ಇರುವುದು ಮರ ನಿಲ್ಲಲಾಗದ ಕಡೆ. ಇಕ್ಕಟ್ಟಾದ ಓಣಿಯಲ್ಲಿ, ನೆಲದಡಿ ಪೈಪು ಕೇಬಲ್ಲುಗಳು ತುಂಬಿದ ಪಾದಚಾರಿ ಮಾರ್ಗದಲ್ಲಿ, ಒಂದಡಿ ಮಣ್ಣು ಮಾತ್ರ ಸಿಗುವ ಮೂಲೆಯಲ್ಲಿ ಅದು ಬದುಕುತ್ತದೆ. ಲುಂಡ್‌ನ ಹಳೆಯ ಬೀದಿ ಅಡೆಲ್‌ಗಾತನ್‌ನಲ್ಲಿ ನಡೆದವರು ನೋಡಿರಬಹುದು: ಗೋಡೆಯ ಬುಡದಲ್ಲಿ ಹಾಸುಗಲ್ಲು ಬಿಟ್ಟ ಕಿರಿದಾದ ಸಂದಿನಿಂದ ಗುಲಾಬಿ ಬಳ್ಳಿ ಮೇಲೆದ್ದು ಬಾಗಿಲ ಮೇಲೆ ಹಬ್ಬಿರುತ್ತದೆ. ಆ ಸಂದು ಎಷ್ಟು ಚಿಕ್ಕದು, ಫಲ ಎಷ್ಟು ದೊಡ್ಡದು ಎಂಬುದನ್ನು ಯೋಚಿಸಿದರೆ ಬಳ್ಳಿಯ ಅರ್ಥಶಾಸ್ತ್ರ ತಿಳಿಯುತ್ತದೆ.

ಎರಡು ಊರಿನ ಸೂರ್ಯ

ಬಳ್ಳಿಯನ್ನು ನಿಲ್ಲಿಸಬೇಕೋ ಮಲಗಿಸಬೇಕೋ ಎಂಬುದನ್ನು ಸೂರ್ಯ ನಿರ್ಧರಿಸುತ್ತಾನೆ. ಲುಂಡ್ ಇರುವುದು ಸುಮಾರು 55.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರು 13 ಡಿಗ್ರಿಯಲ್ಲಿ. ಜೂನ್ 21ರ ನಡುಹಗಲಿನಲ್ಲಿಯೂ ಲುಂಡ್‌ನ ಸೂರ್ಯ 58 ಡಿಗ್ರಿಗಿಂತ ಮೇಲೇರುವುದಿಲ್ಲ. ಅಂದು ಸಂಜೆ ಗಡಿಯಾರದಲ್ಲಿ 6 ಗಂಟೆಯಾದಾಗ ಅವನು ಸರಿಯಾಗಿ ಪಶ್ಚಿಮದಲ್ಲಿ, ಸುಮಾರು 29 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಕಿರಣಕ್ಕೆ ಎದುರಾಗಿ ಹಿಡಿದ ಹಲಗೆಗೆ 100 ಪಾಲು ಬಿಸಿಲು ಬಿದ್ದರೆ, ಆ ಹೊತ್ತಿಗೆ ಪಶ್ಚಿಮದ ಗೋಡೆಗೆ 87 ಪಾಲು ಬೀಳುತ್ತದೆ. ಸೂರ್ಯ ಮುಳುಗಲು ಇನ್ನೂ ಸುಮಾರು ನಾಲ್ಕು ಗಂಟೆ ಇದೆ. ಕೆಲಸ ಮುಗಿಸಿ ಮನೆಗೆ ಬಂದು ಒಲೆ ಹಚ್ಚುವ ಹೊತ್ತಿಗೆ ಮನೆ ಏಕೆ ಕಾದಿರುತ್ತದೆ ಎಂಬುದಕ್ಕೆ ಇದೇ ಉತ್ತರ.

ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲದ ಕ್ಷಣ ಉಂಟಾಗುತ್ತದೆ. ಜೂನ್ 21ರ ನಡುಹಗಲಿನಲ್ಲಿಯೂ ಅಲ್ಲಿನ ಉತ್ತರದ ಗೋಡೆಗೆ ಬೀಳುವುದು 18 ಪಾಲು ಮಾತ್ರ, ತಾರಸಿಗೆ 98 ಪಾಲು. ಅಂದರೆ ಅಲ್ಲಿ ಬಿಸಿಲು ಬಡಿಯುವುದು ಮುಖ್ಯವಾಗಿ ತಲೆಯ ಮೇಲೆ; ಮಧ್ಯಾಹ್ನದ ನಂತರ ಪಶ್ಚಿಮದ ಗೋಡೆಗೆ.

ಕರ್ನಾಟಕದ ಜನ ಬಳ್ಳಿಯನ್ನು ಗೋಡೆಗೆ ಹಬ್ಬಿಸದೆ ಚಪ್ಪರಕ್ಕೆ ಹಬ್ಬಿಸಿದ್ದರ ಹಿಂದಿನ ಜಾಣ್ಮೆ ಇಲ್ಲಿ ಕಾಣುತ್ತದೆ. ಹೀರೆ, ಪಡವಲ, ತೊಂಡೆ, ಅವರೆಗಳ ಚಪ್ಪರ ಇರಲಿ, ಬೆಂಗಳೂರಿನ ಸುತ್ತಲಿನ ದ್ರಾಕ್ಷಿ ಚಪ್ಪರ ಇರಲಿ, ಎಲೆಗಳನ್ನು ಆಕಾಶಕ್ಕೆ ಎದುರಾಗಿ ಹರಡಿ ಕೆಳಗೆ ನೆರಳು ಮಾಡುವ ಕ್ರಮ ಅದು. ಸೂರ್ಯನ ಕೋನವನ್ನು ಲೆಕ್ಕ ಹಾಕುವ ಪದ್ಧತಿ ತೋಟಗಾರಿಕೆಯಲ್ಲಿಯೂ ಇದೆ. ಕಾಸರಗೋಡಿನಲ್ಲಿ ಕೇಂದ್ರ ಕಚೇರಿ, ವಿಟ್ಲದಲ್ಲಿ ಪ್ರಾದೇಶಿಕ ಕೇಂದ್ರ ಹೊಂದಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಅಡಿಕೆ ಸಸಿಗಳ ಸಾಲನ್ನು ಉತ್ತರ-ದಕ್ಷಿಣ ರೇಖೆಯಿಂದ 35 ಡಿಗ್ರಿ ಪಶ್ಚಿಮಕ್ಕೆ ಓರೆ ಮಾಡಿ ನೆಡಲು ಸಲಹೆ ಕೊಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಒಂದು ಮರ ಇನ್ನೊಂದಕ್ಕೆ ನೆರಳಾಗಿ ಕಾಂಡ ಸುಡದಿರಲಿ ಎಂಬುದೇ ಕಾರಣ. ಇದು ಕಂಪ್ಯೂಟರ್ ಪರದೆಯ ಮೇಲೆ ಇಂದು ನಡೆಯುವ ಲೆಕ್ಕದ ಅಣ್ಣನೇ.

ಕಂಪ್ಯೂಟರ್ ಕೊಟ್ಟದ್ದು

ಡಿಜಿಟಲ್ ಸಾಧನಗಳನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ನಗರದ ಸೂಕ್ಷ್ಮ ಹವಾಮಾನದ ಲೆಕ್ಕಕ್ಕೆ ಹೆಸರಾದ ಎನ್ವಿ-ಮೆಟ್ ಎಂಬ ತಂತ್ರಾಂಶವನ್ನು ಜರ್ಮನಿಯ ಮಿಖಾಯೆಲ್ ಬ್ರೂಜೆ ಮತ್ತು ಹೆರಿಬರ್ಟ್ ಫ್ಲೇರ್ 1998ರಲ್ಲಿ ಪ್ರಕಟಿಸಿದರು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಫ್ರೆಡ್ರಿಕ್ ಲಿಂಡ್‌ಬರ್ಗ್, ಬಿಯೋರ್ನ್ ಹೋಲ್ಮರ್, ಸೋಫಿಯಾ ಥೋರ್ಸನ್ 2008ರಲ್ಲಿ ಸೋಲ್‌ವೈಗ್ ಎಂಬ ಮಾದರಿಯನ್ನು ಹೊರತಂದರು. ಬೀದಿಯಲ್ಲಿ ನಿಂತ ಮನುಷ್ಯನಿಗೆ ಎಲ್ಲ ದಿಕ್ಕುಗಳಿಂದ ಎಷ್ಟು ವಿಕಿರಣ ತಟ್ಟುತ್ತದೆ ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಈ ಮಾದರಿ ಈಗ ಯುಮೆಪ್ ಎಂಬ ಉಚಿತ ಸಾಧನದ ಭಾಗವಾಗಿ ಎಲ್ಲರಿಗೂ ಸಿಗುತ್ತದೆ. ಕಟ್ಟಡದ ರೂಪವನ್ನು ಸೂತ್ರಗಳಿಂದಲೇ ಬರೆಯುವ ಗ್ರಾಸ್‌ಹಾಪರ್, ಅದರೊಳಗೆ ಬಿಸಿಲಿನ ಲೆಕ್ಕ ಮಾಡುವ ಲೇಡಿಬಗ್ ಇಂದು ವಾಸ್ತುಶಿಲ್ಪ ವಿದ್ಯಾರ್ಥಿಗಳ ದಿನಬಳಕೆಯ ಉಪಕರಣಗಳು.

ಇವುಗಳಿಂದಾದ ದೊಡ್ಡ ಲಾಭವೆಂದರೆ, ಬಳ್ಳಿ ಎಲ್ಲಿ ಬೇಡ ಎಂಬುದು ತಿಳಿಯುತ್ತದೆ. ಎದುರಿನ ಕಟ್ಟಡದ ನೆರಳಿನಲ್ಲೇ ದಿನ ಕಳೆಯುವ ಗೋಡೆಗೆ ಬಳ್ಳಿ ಹಬ್ಬಿಸಿ ತಂಪು ನಿರೀಕ್ಷಿಸುವುದು ವ್ಯರ್ಥ ಎಂದು ಅರ್ಧ ಗಂಟೆಯ ಲೆಕ್ಕ ಹೇಳಿಬಿಡುತ್ತದೆ. ಇಪ್ಪತ್ತು ಗೋಡೆಗಳಲ್ಲಿ ಮೂರಕ್ಕೆ ಮಾತ್ರ ಹಣ ಇದ್ದರೆ ಆ ಮೂರು ಯಾವುವು ಎಂದು ಆರಿಸಬಹುದು.

ಲೆಕ್ಕದಲ್ಲಿ ಇಲ್ಲದ್ದು

ತೊಡಕು ಶುರುವಾಗುವುದು ಬಳ್ಳಿಯನ್ನು ಅಂಕೆಯಾಗಿ ತುಂಬುವಲ್ಲಿ. ಒಂದು ಚದರ ಮೀಟರ್ ಗೋಡೆಯ ಮುಂದೆ ಒಟ್ಟು ಎಷ್ಟು ಚದರ ಮೀಟರ್ ಎಲೆ ಇದೆ ಎಂಬ ಸೂಚ್ಯಂಕವನ್ನು ತಂತ್ರಾಂಶ ಕೇಳುತ್ತದೆ. ದಟ್ಟವಾಗಿ ಹಬ್ಬಿದ ಬಳ್ಳಿಗೆ 3 ಎಂದು ತುಂಬುವುದು ಸಾಮಾನ್ಯ. ಎಲೆಗಳ ನಡುವೆ ಬೆಳಕು ನುಸುಳುವ ಸರಳ ಸೂತ್ರದಲ್ಲಿ ತಡೆಯ ಗುಣಾಂಕವನ್ನು 0.5 ಎಂದಿಟ್ಟುಕೊಂಡರೆ, ಸೂಚ್ಯಂಕ 3 ಇರುವಾಗ ಗೋಡೆಗೆ ತಲುಪುವ ಬಿಸಿಲು ಶೇ. 22. ಬಹಳ ಒಳ್ಳೆಯ ಫಲಿತಾಂಶ. ಆದರೆ ನೆಟ್ಟ ಹೊಸದರಲ್ಲಿ ಆ ಸೂಚ್ಯಂಕ 0.5 ಇದ್ದರೆ ಶೇ. 78ರಷ್ಟು ಬಿಸಿಲು ಗೋಡೆಗೆ ತಲುಪುತ್ತದೆ. ಬಳ್ಳಿ ಇನ್ನೂ ಏರದ ಮೇಲಿನ ಮಹಡಿಗೆ ಶೇ. 100.

ಇಲ್ಲಿನ ಗೋಡೆಗಳಲ್ಲಿ ಹೆಚ್ಚು ಕಾಣುವ ಕಾಡುದ್ರಾಕ್ಷಿ ಜಾತಿಯ ಬಳ್ಳಿ ಮೊದಲೆರಡು ವರ್ಷ ಬೇರೂರುವುದರಲ್ಲೇ ಕಳೆದು, ಬಳಿಕ ವರ್ಷಕ್ಕೆ ಒಂದೆರಡು ಮೀಟರ್ ಏರುತ್ತದೆ. ಐದು ಮಹಡಿಯ ಕಟ್ಟಡದ ಸೂರು ಮುಟ್ಟಲು ಹತ್ತು ವರ್ಷ ಬೇಕಾದೀತು. ನಕ್ಷೆಯ ಚಿತ್ರ ತೋರಿಸುವುದು ಆ ಹತ್ತನೇ ವರ್ಷವನ್ನು. ಮನೆ ಕೊಂಡವರು ಬಂದು ಸೇರುವುದು ಮೊದಲನೇ ವರ್ಷಕ್ಕೆ. ನಡುವಿನ ಒಂಬತ್ತು ಬೇಸಿಗೆಗಳಿಗೆ ವಿನ್ಯಾಸಕಾರರ ಉತ್ತರವೇನು? ಒಂದು ಪರದೆ, ಒಂದು ಮಡಚುವ ಚಾವಣಿ, ಬೇಗ ಏರುವ ವಾರ್ಷಿಕ ಬಳ್ಳಿ, ಏನಾದರೂ ಇರಬೇಕು. ನಾನು ನೋಡಿದ ಪ್ರಸ್ತಾವಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯನ್ನೇ ಎತ್ತುವುದಿಲ್ಲ.

ಎರಡನೆಯ ಕೊರತೆ ಚಳಿಗಾಲದ್ದು. ಡಿಸೆಂಬರ್ 21ರ ನಡುಹಗಲಿನಲ್ಲಿ ಲುಂಡ್‌ನ ಸೂರ್ಯನ ಎತ್ತರ ಕೇವಲ 11 ಡಿಗ್ರಿ. ಆ ಕಿರಣ ದಕ್ಷಿಣದ ಗೋಡೆಗೆ, ಕಿಟಕಿಗೆ ಬಹುಮಟ್ಟಿಗೆ ನೇರವಾಗಿಯೇ ಬಡಿಯುತ್ತದೆ: 100ರಲ್ಲಿ 98 ಪಾಲು. ಅಷ್ಟು ಅಪರೂಪದ ಬಿಸಿಲನ್ನು ನಿತ್ಯಹಸಿರು ಬಳ್ಳಿಯಿಂದ ಮುಚ್ಚುವುದು ಅವಿವೇಕ. ದಕ್ಷಿಣಕ್ಕೆ ಎಲೆ ಉದುರಿಸುವ ಬಳ್ಳಿ ಬೇಕು, ಗಾಳಿ ಬೀಸುವ ಪಶ್ಚಿಮಕ್ಕೂ ಬಿಸಿಲು ಕಾಣದ ಉತ್ತರಕ್ಕೂ ಐವಿಯಂಥ ನಿತ್ಯಹಸಿರು ಬಳ್ಳಿ ನಡೆದೀತು. ಒಂದೇ ಕಟ್ಟಡದ ನಾಲ್ಕೂ ಮುಖಕ್ಕೆ ಒಂದೇ ಹಸಿರು ಬಣ್ಣ ಬಳಿದ ಚಿತ್ರ ಕಂಡರೆ ಅದು ಜುಲೈ ಬಿಟ್ಟು ಬೇರೆ ತಿಂಗಳನ್ನು ಯೋಚಿಸಿಲ್ಲ ಎಂದು ತಿಳಿಯಬಹುದು.

ಮೂರನೆಯದು ಕಿಟಕಿ. ಸ್ವೀಡನ್ನಿನ ಹೊಸ ಕಟ್ಟಡಗಳ ಗೋಡೆಯೊಳಗೆ ದಪ್ಪನೆಯ ಶಾಖನಿರೋಧಕ ಇರುತ್ತದೆ. ಹೊರಮೈ ಎಷ್ಟೇ ಕಾದರೂ ಅದರಿಂದ ಒಳಗೆ ಬರುವುದು ಅಲ್ಪ. ಒಳಗಿನ ಸೆಕೆಗೆ ಕಾರಣ ಗಾಜು. ಹೀಗಿರುವಾಗ ಗೋಡೆಯ ಖಾಲಿ ಭಾಗಕ್ಕೆ ಬಳ್ಳಿ ಹಬ್ಬಿಸಿ ಕಿಟಕಿಯನ್ನು ಹಾಗೇ ಬಿಟ್ಟರೆ ಬೀದಿಯವರಿಗೆ ಸ್ವಲ್ಪ ಉಪಕಾರವಾದೀತು, ಮನೆಯೊಳಗಿನ ಅಜ್ಜಿಗೆ ಏನೂ ಆಗದು. ಕಿಟಕಿಯಿಂದ ಒಂದು ಮೊಳ ಮುಂದೆ ತಂತಿಯ ಚೌಕಟ್ಟು ನಿಲ್ಲಿಸಿ, ಬಾಲ್ಕನಿಯ ಅಂಚಿನಲ್ಲಿ ಬಳ್ಳಿ ಏರಿಸಿದರೆ ಲೆಕ್ಕವೇ ಬದಲಾಗುತ್ತದೆ. ಹಳೆಯ ಇಟ್ಟಿಗೆ ಗೋಡೆಗಳ ಮಾತು ಬೇರೆ. ಅಲ್ಲಿ ಗೋಡೆಯ ನೆರಳಿಗೂ ಬೆಲೆ ಇದೆ.

ಈ ಮೂರೂ ಕೊರತೆಗಳು ತಂತ್ರಾಂಶದ್ದಲ್ಲ. ಸೂಚ್ಯಂಕವನ್ನು ವರ್ಷವರ್ಷಕ್ಕೆ ಬದಲಿಸಿ, ಡಿಸೆಂಬರ್‌ಗೆ ಸೊನ್ನೆ ಇಟ್ಟು, ಕಿಟಕಿಯನ್ನು ಬೇರೆ ಮಾಡಿ ಲೆಕ್ಕ ಹಾಕಲು ಅದು ಎಂದೂ ಬೇಡ ಎನ್ನುವುದಿಲ್ಲ. ಕೇಳುವವರು ಒಂದೇ ದಿನವನ್ನು ಕೇಳುತ್ತಾರೆ. ಒಳ್ಳೆಯ ಚಿತ್ರ ಬರುವ ದಿನವನ್ನೇ ಕೇಳುತ್ತಾರೆ.

ನಿಯಮದ ಪುಸ್ತಕ

ನಮ್ಮ ನೆರೆಯ ಮಾಲ್ಮೊ ನಗರದ ವೆಸ್ತ್ರಾ ಹಾಮ್ನೆನ್‌ನಲ್ಲಿ 2001ರಲ್ಲಿ ನಡೆದ ಬೂ-01 ವಸತಿ ಪ್ರದರ್ಶನ ಈ ಕ್ಷೇತ್ರದ ಒಂದು ಮುಖ್ಯ ಘಟ್ಟ. ಬರ್ಲಿನ್ನಿನ ಮಾದರಿಯನ್ನು ನೋಡಿ ಅಲ್ಲಿ ಹಸಿರು ಕ್ಷೇತ್ರದ ಗುಣಾಂಕ ಜಾರಿಗೆ ಬಂತು. ನಿವೇಶನದ ಪ್ರತಿ ಚದರ ಮೀಟರಿಗೆ ಅಂಕ: ನೆಲದ ಮಣ್ಣಿನಲ್ಲಿ ಬೆಳೆದ ಹಸಿರಿಗೆ 1, ಗೋಡೆಗೋ ಚೌಕಟ್ಟಿಗೋ ಹಬ್ಬಿದ ಬಳ್ಳಿಗೆ 0.7, ಡಾಂಬರಿನಂಥ ಮುಚ್ಚಿದ ನೆಲಕ್ಕೆ ಸೊನ್ನೆ. ಸರಾಸರಿ 0.5 ಬರಬೇಕು. ಇದಲ್ಲದೆ 35 ಹಸಿರು ಅಂಶಗಳ ಪಟ್ಟಿಯಿಂದ ಕನಿಷ್ಠ 10ನ್ನು ಕಟ್ಟುವವರು ಆರಿಸಿಕೊಳ್ಳಬೇಕಿತ್ತು. ಸಾಧ್ಯವಿರುವ ಎಲ್ಲ ಗೋಡೆಗಳಿಗೂ ಬಳ್ಳಿ ಹಬ್ಬಿಸುವುದು ಆ 35ರಲ್ಲಿ ಒಂದು. ಮುಂದೆ 2009ರಲ್ಲಿ ಮಾಲ್ಮೊ, ಲುಂಡ್ ನಗರಸಭೆಗಳು ಲುಂಡ್ ವಿಶ್ವವಿದ್ಯಾಲಯದ ಜೊತೆಗೂಡಿ ರೂಪಿಸಿದ ಕಟ್ಟಡ ಪರಿಸರ ಕಾರ್ಯಕ್ರಮದಲ್ಲೂ ಈ ಗುಣಾಂಕಕ್ಕೆ ಜಾಗ ಸಿಕ್ಕಿತು.

ಇದು ಒಳ್ಳೆಯ ನಿಯಮ. ಇದಿಲ್ಲದಿದ್ದರೆ ಎಷ್ಟೋ ಅಂಗಳಗಳು ಕಾರು ನಿಲ್ಲಿಸುವ ಜಾಗಗಳಾಗುತ್ತಿದ್ದವು. ಬಳ್ಳಿಗೆ ಅಂಕ ಕೊಟ್ಟು ವಾಸ್ತುಶಿಲ್ಪಿಗಳು ಅದನ್ನು ಗಮನಿಸುವಂತೆ ಮಾಡಿದ್ದೂ ಇದೇ. ಆದರೆ ಅಂಕ ಎಣಿಸುವ ದಿನ ಬಳ್ಳಿ ಇನ್ನೂ ನರ್ಸರಿಯ ಕುಂಡದಲ್ಲಿರುತ್ತದೆ. ಲೆಕ್ಕಕ್ಕೆ ಬರುವುದು ಮುಂದೆ ಹಬ್ಬಬೇಕಾದ ಹಸಿರು. ಉತ್ತರದ ಗೋಡೆಯ ಬಳ್ಳಿಗೂ ಪಶ್ಚಿಮದ ಗೋಡೆಯ ಬಳ್ಳಿಗೂ ಒಂದೇ 0.7. ಈ ನಿಯಮವನ್ನು ಹಾಗೇ ಉಳಿಸಿಕೊಂಡು ಎರಡು ತಿದ್ದುಪಡಿ ಸಾಕು ಎಂಬುದು ನನ್ನ ಅಭಿಪ್ರಾಯ: ದಿಕ್ಕಿಗೆ ತಕ್ಕಂತೆ ಅಂಕ, ಮತ್ತು ಐದನೇ ವರ್ಷದಲ್ಲಿ ಗೋಡೆಯ ಮುಂದೆ ನಿಂತು ಮರು ಎಣಿಕೆ.

ಮೂರು ಗೋಡೆಗಳು

ಈಗ ಕಟ್ಟಿ ನಿಂತ ಕೃತಿಗಳಿಗೆ ಬರೋಣ. ಮೊದಲನೆಯದು ಲುಂಡ್ ವಿಶ್ವವಿದ್ಯಾಲಯದ ಗ್ರಂಥಾಲಯ. ಆಲ್ಫ್ರೆಡ್ ಹೆಲ್ಲರ್‌ಸ್ಟ್ರೋಮ್ ವಿನ್ಯಾಸ ಮಾಡಿದ 1907ರ ಕೆಂಪು ಇಟ್ಟಿಗೆಯ ಕಟ್ಟಡ. ಪ್ರತಿ ಶರತ್ಕಾಲದಲ್ಲಿ ಅದರ ಮುಂಭಾಗದ ಬಳ್ಳಿ ಬೆಂಕಿಯಂತೆ ಕೆಂಪಾಗುವುದನ್ನು ನೋಡಲು ಊರಿಗೆ ಊರೇ ಬರುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳ ಫೋಟೋ ಆಲ್ಬಮ್ಮಿನಲ್ಲಿ ಅದು ಇದೆ. ಯಾವ ತಂತ್ರಾಂಶವೂ ಅದನ್ನು ರೂಪಿಸಲಿಲ್ಲ. ಬೇರು ನೆಲದ ಮಣ್ಣಿನಲ್ಲಿದೆ, ಹಿಡಿಯಲು ಒರಟು ಇಟ್ಟಿಗೆ ಇದೆ, ಬೇಸಿಗೆಯಲ್ಲಿ ಎಲೆ, ಚಳಿಗಾಲದಲ್ಲಿ ಬರಿಯ ಕಡ್ಡಿ. ಆ ಕೆಂಪು ಬಣ್ಣ ನಮಗೆ ಚೆಲುವು, ಕಟ್ಟಡಕ್ಕೆ ಮಾತ್ರ ಇನ್ನು ಕೆಲವೇ ದಿನಗಳಲ್ಲಿ ಬಿಸಿಲು ಒಳಗೆ ಬರಲಿದೆ ಎಂಬ ಸೂಚನೆ. ಬಳ್ಳಿಯಿಂದ ಗೋಡೆ ಹಾಳಾಗುತ್ತದೆ ಎನ್ನುವವರಿಗೂ ಇಲ್ಲಿ ಉತ್ತರವಿದೆ. ಗಟ್ಟಿ ಇಟ್ಟಿಗೆಗೆ ಭಯವಿಲ್ಲ. ಬಿರುಕು ಬಿಟ್ಟ ಗಾರೆಗೆ, ಮರದ ಹಲಗೆಗೆ, ಹೆಂಚಿನ ಸಂದಿಗೆ ಭಯವಿದೆ. ಅಲ್ಲಿ ಗೋಡೆ ಬಿಟ್ಟು ನಿಂತ ತಂತಿ ಬೇಕು.

ಎರಡನೆಯದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಓರ್ಲಿಕಾನ್‌ನಲ್ಲಿರುವ ಎಂಎಫ್ಓ ಪಾರ್ಕ್. ಹಳೆಯ ಯಂತ್ರ ಕಾರ್ಖಾನೆಯ ಜಾಗದಲ್ಲಿ 2002ರಲ್ಲಿ ಎದ್ದ ಉಕ್ಕಿನ ಚೌಕಟ್ಟು: ಸುಮಾರು 100 ಮೀಟರ್ ಉದ್ದ, 35 ಮೀಟರ್ ಅಗಲ, 17 ಮೀಟರ್ ಎತ್ತರ. ಗೋಡೆಯೇ ಇಲ್ಲ. ತಂತಿಗಳ ಮೇಲೆ ಬಗೆಬಗೆಯ ಬಳ್ಳಿಗಳು ಹಬ್ಬಿ ಒಳಗೆ ಮನೆಯಂಥ ನೆರಳನ್ನು ಮಾಡುತ್ತವೆ. ನನ್ನ ಕಣ್ಣಿಗೆ ಇದು ಚಪ್ಪರವೇ. ದೊಡ್ಡದು, ಉಕ್ಕಿನದು, ಅಷ್ಟೇ. ವಿನ್ಯಾಸಕಾರರು ಬಳ್ಳಿ ಏರುವ ಮೊದಲೂ ಚೌಕಟ್ಟು ನೋಡುವಂತಿರಲಿ, ಹತ್ತಿ ಇಳಿಯುವಂತಿರಲಿ ಎಂದು ಮೆಟ್ಟಿಲು, ಕಟ್ಟೆಗಳನ್ನು ಕೊಟ್ಟರು. ಅಂದರೆ ನಡುವಿನ ವರ್ಷಗಳಿಗೂ ಅಲ್ಲಿ ಉತ್ತರವಿತ್ತು. ಈ ಕ್ಷೇತ್ರದ ಶ್ರೇಷ್ಠ ಕೃತಿ ಎಂದು ನಾನು ಇದನ್ನು ಪರಿಗಣಿಸುವುದು ಅದಕ್ಕೇ.

ಮೂರನೆಯ ಬಗೆ ಮಣ್ಣಿಲ್ಲದ ಗೋಡೆ. ಪ್ಯಾರಿಸ್ಸಿನ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯದ ಮೇಲೆ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂ ರೂಪಿಸಿದ ಸುಮಾರು 800 ಚದರ ಮೀಟರಿನ ಹಸಿರು ಗೋಡೆ ಜಗತ್ಪ್ರಸಿದ್ಧ. ಸಸ್ಯಗಳ ಬೇರು ಬಟ್ಟೆಯಂಥ ಪದರದಲ್ಲಿರುತ್ತದೆ, ಪಂಪು ನೀರು ಹಾಗೂ ಪೋಷಕಾಂಶ ಹರಿಸುತ್ತದೆ. ಜ್ಞಾನವೂ ಹಣವೂ ಇರುವ ಕಡೆ ಅದು ಅದ್ಭುತವಾಗಿ ಬದುಕುತ್ತದೆ. ಅದಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಇಸ್ಲಿಂಗ್ಟನ್‌ನ ಮಕ್ಕಳ ಕೇಂದ್ರವೊಂದರ ಹಸಿರು ಗೋಡೆ ಉದಾಹರಣೆ; ಕಟ್ಟಿದ ಕೆಲವೇ ವರ್ಷಗಳಲ್ಲಿ, 2009ರಲ್ಲಿ, ಅದು ಒಣಗಿ ಸುದ್ದಿಯಾಯಿತು. ನೆಲದ ಬಳ್ಳಿ ಒಂದು ವಾರದ ಮರೆವನ್ನು ತಾಳಿಕೊಳ್ಳುತ್ತದೆ. ಬಟ್ಟೆಯ ಮೇಲಿನ ಗಿಡ ತಾಳುವುದಿಲ್ಲ.

ಬೆಂಗಳೂರಿಗೆ ಯಾವುದು?

ವಿಷಾದದ ಸಂಗತಿಯೆಂದರೆ ಬೆಂಗಳೂರು ಆರಿಸಿಕೊಂಡದ್ದು ಹೆಚ್ಚಾಗಿ ಮೂರನೆಯ ಬಗೆಯನ್ನು. ಮೇಲ್ಸೇತುವೆಯ ಕಂಬಗಳಿಗೆ, ಕಚೇರಿಗಳ ಮುಂಭಾಗಕ್ಕೆ ಸಣ್ಣ ಸಣ್ಣ ಕುಂಡಗಳನ್ನು ಸಾಲಾಗಿ ಸಿಕ್ಕಿಸಿದ ತೋಟಗಳು ಬಂದವು. ರಜೆಗೆ ಹೋದಾಗಲೆಲ್ಲ ಅಂಥವನ್ನು ನೋಡಿದ್ದೇನೆ: ಕೆಲವು ಹಸಿರಾಗಿದ್ದವು, ಕೆಲವು ಕಡೆ ಒಣಗಿದ ಕುಂಡಗಳು ಮಾತ್ರ ಉಳಿದಿದ್ದವು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ನೀರಿನ ಅಭಾವ ತೀವ್ರವಾದಾಗ, ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿತು. ತಂಪು ಅತಿ ಹೆಚ್ಚು ಬೇಕಾದ ತಿಂಗಳಲ್ಲೇ ನೀರು ನಿಲ್ಲುತ್ತದೆ ಎಂದಾದರೆ, ನೀರನ್ನೇ ನಂಬಿದ ಗೋಡೆ ಆ ಊರಿಗೆ ಹೊಂದುವ ವಿನ್ಯಾಸವಲ್ಲ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬಸಳೆಯನ್ನು ಎಲ್ಲಿ ನೆಡುತ್ತಾರೆ ಎಂದು ನೆನಪಿಸಿಕೊಳ್ಳಿ: ಬಚ್ಚಲ ನೀರು ಹರಿದು ಹೋಗುವ ಕಡೆ. ನೀರಿನ ದಾರಿ ಮೊದಲು, ಬಳ್ಳಿ ಆಮೇಲೆ. ತಾರಸಿಯ ಮೇಲೆ ಚಪ್ಪರ, ನೆಲದಲ್ಲಿ ಅಥವಾ ದೊಡ್ಡ ತೊಟ್ಟಿಯಲ್ಲಿ ಬೇರು, ಪಾತ್ರೆ ತೊಳೆದ ನೀರನ್ನು ಸೋಸಿ ಬುಡಕ್ಕೆ ಬಿಡುವ ಕೊಳವೆ, ಪಶ್ಚಿಮದ ಗೋಡೆಯ ಮುಂದೆ ಒಂದು ತಂತಿಯ ಪರದೆ. ಇಷ್ಟನ್ನು ಡಿಜಿಟಲ್ ಸಾಧನಗಳಿಂದ ಬೀದಿಬೀದಿಗೆ ಲೆಕ್ಕ ಹಾಕಿ ಕೊಡುವ ವಿದ್ಯಾರ್ಥಿ ಹೊಸ ರೂಪವನ್ನು ಹುಡುಕಬೇಕಾದ್ದಿಲ್ಲ. ರೂಪ ಇದೆ, ಅದಕ್ಕೆ ಅಂಕೆಗಳು ಬೇಕಾಗಿವೆ.

ಬ್ರುನ್ಸ್‌ಹೋಗ್‌ಗೆ ಒಂದು ಸೂಚನೆ

ಮತ್ತೆ ಲುಂಡ್‌ಗೆ. ಊರಿನ ಈಶಾನ್ಯಕ್ಕೆ ಎದ್ದಿರುವ ಬ್ರುನ್ಸ್‌ಹೋಗ್ ಬಡಾವಣೆಗೆ 2020ರ ಡಿಸೆಂಬರ್‌ನಿಂದ ಟ್ರಾಮ್ ಓಡುತ್ತಿದೆ. ನಮ್ಮ ಹಲವು ಕುಟುಂಬಗಳು ಅತ್ತ ಮನೆ ಮಾಡಿವೆ ಅಥವಾ ಮಾಡುವ ಯೋಚನೆಯಲ್ಲಿವೆ. ಅದು ಎತ್ತರದ ಬಯಲು. ಅಲ್ಲಿ ವರ್ಷದ ಹೆಚ್ಚಿನ ದಿನಗಳಲ್ಲಿ ಕಾಡುವುದು ಗಾಳಿ. ಬಿಸಿಲು ಕೆಲವೇ ವಾರಗಳ ಸಮಸ್ಯೆ. ಗಾಳಿಗೆ ಅಡ್ಡ ನಿಲ್ಲಿಸಿದ ಗಟ್ಟಿ ಗೋಡೆ ಅದರ ಹಿಂದೆ ಸುಳಿಗಾಳಿ ಎಬ್ಬಿಸುತ್ತದೆ. ಅರ್ಧ ತೆರೆದ ಪರದೆ ಗಾಳಿಯನ್ನು ಸೋಸಿ ಮೆಲ್ಲಗಾಗಿಸುತ್ತದೆ. ಹಾಗಾಗಿ ಅಲ್ಲಿನ ಟ್ರಾಮ್ ನಿಲ್ದಾಣದ ಬಳಿ, ಆಟದ ಅಂಗಳದ ಪಶ್ಚಿಮಕ್ಕೆ ಐವಿ ಹಬ್ಬಿದ ತಂತಿ ಬೇಲಿ, ಮನೆಗಳ ಪಶ್ಚಿಮ ಮತ್ತು ದಕ್ಷಿಣ ಕಿಟಕಿಗಳ ಮುಂದೆ ಎಲೆ ಉದುರಿಸುವ ಬಳ್ಳಿ ಸೂಕ್ತ. ಕಾಯಲು ಪುರುಸೊತ್ತಿಲ್ಲದ ಹೊಸ ಬಾಲ್ಕನಿಗಳಿಗೆ ಹಾಪ್ಸ್ ಇದೆ. ಚಳಿಗಾಲದಲ್ಲಿ ನೆಲದವರೆಗೂ ಸತ್ತು, ವಸಂತದಲ್ಲಿ ಎದ್ದು ಒಂದೇ ಬೇಸಿಗೆಯಲ್ಲಿ ಹಲವು ಮೀಟರ್ ಏರುವ ಬಳ್ಳಿ ಅದು. 1442ರ ಸ್ವೀಡಿಷ್ ಕಾನೂನು ಪ್ರತಿ ರೈತನೂ 40 ಕಂಬ ಹಾಪ್ಸ್ ಬೆಳೆಯಬೇಕೆಂದು ಕಟ್ಟಳೆ ಮಾಡಿತ್ತು. ಬಳ್ಳಿಗೆ ಕಂಬ ನೆಡುವ ವಿದ್ಯೆ ಈ ದೇಶಕ್ಕೂ ಹೊಸದಲ್ಲ.

ನಮ್ಮ ಕೈಯಲ್ಲಿರುವುದು

ನಮ್ಮಲ್ಲಿ ಬಹುಪಾಲು ಜನ ಸಹಕಾರಿ ವಸತಿ ಸಂಘಗಳ ಸದಸ್ಯರು. ವರ್ಷಕ್ಕೊಮ್ಮೆ ಸಭೆಗೆ ಕರೆ ಬರುತ್ತದೆ. ಹೋಗುವವರು ಕಡಿಮೆ, ಹೋಗಿ ಮಾತಾಡುವವರು ಇನ್ನೂ ಕಡಿಮೆ. ಗೋಡೆ ನವೀಕರಣದ ಯೋಜನೆ ಸಭೆಗೆ ಬಂದಾಗ, ಹಸಿರು ತುಂಬಿದ ಬಣ್ಣದ ಚಿತ್ರ ಪರದೆಯ ಮೇಲೆ ಮೂಡಿದಾಗ ಕೈ ಎತ್ತಿ ನಾಲ್ಕು ಪ್ರಶ್ನೆ ಕೇಳಬಹುದು. ಇದು ಎಷ್ಟನೇ ವರ್ಷದ ಚಿತ್ರ, ಮೊದಲನೇ ಬೇಸಿಗೆಗೆ ಏನು ವ್ಯವಸ್ಥೆ? ಡಿಸೆಂಬರ್ ಚಿತ್ರ ಎಲ್ಲಿ? ಬೇರು ಯಾವ ಮಣ್ಣಿನಲ್ಲಿದೆ, ನೀರು ಎಲ್ಲಿಂದ? ಕತ್ತರಿ ಹಿಡಿಯುವವರು ಯಾರು, ಅವರ ಕೂಲಿಯನ್ನು ಬಜೆಟ್ಟಿನಲ್ಲಿ ಬರೆದಿದೆಯೇ? ಇವಕ್ಕೆ ಉತ್ತರವಿರುವ ವಿನ್ಯಾಸಕ್ಕೆ ಧಾರಾಳವಾಗಿ ಮತ ಹಾಕಿ. ಉತ್ತರವಿಲ್ಲದಿದ್ದರೆ ಮುಂದಿನ ಸಭೆಗೆ ಉತ್ತರ ತರಲು ಹೇಳಿ.

ವಾಸ್ತುಶಿಲ್ಪ, ಭೂಗೋಳ, ಗಣಕವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳಿಗೂ ಒಂದು ಮಾತು. ಯುಮೆಪ್ ಉಚಿತವಾಗಿ ಸಿಗುತ್ತದೆ. ನಿಮ್ಮ ಮನೆಯ ಅಂಗಳವನ್ನೇ ಅದರಲ್ಲಿ ತುಂಬಿ, ಸಂಜೆ 6 ಗಂಟೆಯ ಬಿಸಿಲು ಯಾರ ಕಿಟಕಿಗೆ ಬೀಳುತ್ತದೆ ಎಂದು ನೋಡಿ. ಆಮೇಲೆ ಊರಿಗೆ ಹೋದಾಗ ಅಜ್ಜಿಯ ಮನೆಯ ಚಪ್ಪರದ ಕಂಬಗಳ ಅಂತರ, ಎತ್ತರ, ದಿಕ್ಕುಗಳನ್ನು ಅಳೆದು ಬರೆದುಕೊಳ್ಳಿ. ಆ ಅಳತೆಗಳನ್ನು ಕೇಳಿ ಪಡೆಯಲು ಇನ್ನು ಹೆಚ್ಚು ವರ್ಷ ಉಳಿದಿಲ್ಲ. ಚಪ್ಪರ ಕಟ್ಟಿದ ಕೈಗಳಿಗೆ ವಯಸ್ಸಾಗಿದೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಅಂಥ ಒಂದು ಲೇಖನ ನಿಮ್ಮಲ್ಲಿ ಯಾರಾದರೂ ಬರೆದರೆ, ಈ ವಿಮರ್ಶೆಗಿಂತ ಅದರ ಪ್ರಯೋಜನ ದೊಡ್ಡದು.